ಸರ್ಕಲ್ಲಲ್ಲಿ ಯಾರ ಮಾತು ಕೇಳೋದು: ಪುಟ್ಟಿಗೆ ದೊಡ್ಡಪ್ಪನ ಕಾಗದ

ಸುಂಟಿಕೊಪ್ಪದಿಂದ, ಆಟಿ ಮಳೆ ಮಧ್ಯ

ಪುಟ್ಟಿ, ದೊಡ್ಡಪ್ಪನ ಆಶೀರ್ವಾದ.

ನಾವೆಲ್ಲ ಚೆನ್ನಾಗಿದ್ದೇವೆ. ಮಳೆ ಮಾತ್ರ ಬಿಡುವ ಲಕ್ಷಣ ಇಲ್ಲ, ಮೂರು ದಿನದಿಂದ ಕರೆಂಟಿಲ್ಲ, ಮೇಲಿನ ತೋಟದ ಹತ್ರ ಮರ ಬಿದ್ದು ಲೈನ್ ಹೋಗಿದೆ, ಫೋನ್ ಚಾರ್ಜ್ ಮಾಡೋಕೆ ಅಂತ ಪಿಕಪ್ ಸ್ಟಾರ್ಟ್ ಮಾಡಿ ಅದರೊಳಗೆ ಕೂತಿದ್ದೇನೆ, ಹೇಗೂ ಕೂತಿದ್ದೇನಲ್ಲ ಅಂತ ಇಲ್ಲಿಂದಲೇ ನಿನಗೆ ಟೈಪ್ ಮಾಡ್ತಾ ಇದ್ದೇನೆ. ನಿನ್ನ ದೊಡ್ಡಮ್ಮ ಜಗಲಿಯಲ್ಲಿ ನಿಂತು "ಡೀಸೆಲ್ ಸುಟ್ಟು ಕಾಗದ ಬರೀತಾರಂತೆ" ಅಂತ ಗೊಣಗ್ತಾ ಇದ್ದಾಳೆ. ಅಕ್ಷರ ತಪ್ಪಿದ್ರೆ ಸರಿ ಮಾಡ್ಕೊಂಡು ಓದು.

ಮೊನ್ನೆ ನಿನ್ನ ಫೋನು ಅರ್ಧಕ್ಕೇ ಕಟ್ಟಾಯ್ತು, ಟವರ್ ಹೋಯ್ತು. ಆದ್ರೂ ವಿಷಯ ಪೂರ್ತಿ ತಿಳೀತು. ಮೈಸೂರಲ್ಲಿ ಸಂಜೆ ಆಫೀಸ್ ಬಿಟ್ಟು ಬರುವಾಗ ಒಂದು ಸರ್ಕಲ್ಲಲ್ಲಿ ನೀನೇ ಫಸ್ಟು ನಿಂತಿದ್ದೆ, ಲೈಟು ಕೆಂಪು, ಟೈಮರಲ್ಲಿ ಇನ್ನೂ ಎಪ್ಪತ್ತು ಚಿಲ್ಲರೆ ಸೆಕೆಂಡು, ನಡುವಲ್ಲಿ ನಿಂತ ಟ್ರಾಫಿಕ್ ಪೊಲೀಸ್ ನಿನ್ನ ಕಡೆ ನೋಡಿ ಬಾ ಬಾ ಅಂತ ಕೈ ಬೀಸ್ತಾ ಇದ್ದ, ನೀನು ಕದಲಲಿಲ್ಲ, ಮೇಲೆ ಕ್ಯಾಮರಾ ಉಂಟಲ್ಲ ಅಂತ ಹೆದರಿ ಸ್ಟೇರಿಂಗ್ ಹಿಡ್ಕೊಂಡು ಹಾಗೇ ಕೂತೆ, ಹಿಂದಿನವರೆಲ್ಲ ಹಾರ್ನ್ ಹೊಡೆದು ಊರು ಒಂದು ಮಾಡಿದ್ರು, ಕೊನೆಗೆ ಅವನೇ ನಡ್ಕೊಂಡು ಬಂದು ಬಾನೆಟ್ ಮೇಲೆ ಎರಡು ತಟ್ಟಿ "ಏನ್ ಮೇಡಂ, ನಾನಿಲ್ಲಿ ಡ್ಯಾನ್ಸ್ ಮಾಡ್ತಾ ಇದೀನಾ" ಅಂದ. ನನಗೆ ನಗು ಬಂತು, ನಿನಗೆ ಅಳು ಬಂದಿತ್ತು. "ಕೆಂಪು ಲೈಟಿಗೆ ನಿಂತಿದ್ದು ತಪ್ಪಾ ದೊಡ್ಡಪ್ಪಾ" ಅಂತ ಕೇಳಿದ ಮೇಲೆ ಲೈನ್ ಹೋಯ್ತು.

ತಪ್ಪೇ ಪುಟ್ಟಿ. ಆದ್ರೆ ಒಳ್ಳೇ ತಪ್ಪು. ಕೆಂಪಿಗೆ ನುಗ್ಗುವ ಹುಡುಗರ ಮಧ್ಯ ಕೆಂಪಿಗೆ ನಿಲ್ಲಬೇಕು ಅಂತ ಗೊತ್ತಿರುವ ಹುಡುಗಿ ಒಬ್ಬಳು ನಮ್ಮನೆಯಿಂದ ಹೋಗಿದ್ದಾಳೆ ಅಂತ ನಾನು ಸಂತೋಷನೇ ಪಟ್ಟೆ. ನೀನು ಕಾರು ಕಲಿತದ್ದು ನಮ್ಮ ತೋಟದ ರಸ್ತೆಯಲ್ಲಿ, ಹೆಚ್ಚಂದ್ರೆ ಮಡಿಕೇರಿ ಆರ್‌ಟಿಓ ಟೆಸ್ಟಿಗೆ ಹೋಗುವ ತನಕ, ನಮ್ಮ ಕಡೆ ಸಿಗ್ನಲ್ ಲೈಟು ಅಂದ್ರೆ ಅಪರೂಪದ ವಸ್ತು, ನಾನು ಕಲಿಸಿದ್ದು ಗೇರು, ಕ್ಲಚ್ಚು, ಏರಲ್ಲಿ ಹ್ಯಾಂಡ್‌ಬ್ರೇಕ್ ಬಿಡೋದು ಹೇಗೆ ಅಂತ, ಸರ್ಕಲ್ಲಲ್ಲಿ ಒಂದೇ ಸಲ ನಾಲ್ಕು ಜನ ನಾಲ್ಕು ಮಾತು ಹೇಳಿದ್ರೆ ಯಾರದ್ದು ಕೇಳ್ಬೇಕು ಅಂತ ಹೇಳಿ ಕೊಟ್ಟಿಲ್ಲ. ಅದು ನನ್ನ ತಪ್ಪು. ಅದಕ್ಕೇ ಈ ಕಾಗದ.

ಒಂದೇ ಮಾತಲ್ಲಿ ಬೇಕಾದ್ರೆ ತಗೋ. ಯೂನಿಫಾರ್ಮ್ ಹಾಕಿ ಟ್ರಾಫಿಕ್ ನೋಡ್ಕೊಳ್ಳುವ ಮನುಷ್ಯ ಮೊದಲು, ಅವನಿಲ್ಲದಿದ್ರೆ ಲೈಟು, ಲೈಟಿಲ್ಲದಿದ್ರೆ ಬೋರ್ಡು ಮತ್ತೆ ರಸ್ತೆ ಮೇಲಿನ ಗೆರೆ, ಅದೂ ಇಲ್ಲದಿದ್ರೆ ಯಾರು ಯಾರಿಗೆ ದಾರಿ ಬಿಡ್ಬೇಕು ಅನ್ನುವ ಪದ್ಧತಿ. ಮೇಲಿನವರು ಹೇಳಿದ ಮೇಲೆ ಕೆಳಗಿನವರದ್ದು ಬಿಟ್ಟುಬಿಡ್ಬೇಕು. ಲೈಟು ಕೆಂಪಿದ್ರೂ ಪೊಲೀಸ್ ಬಾ ಅಂದ್ರೆ ಹೋಗ್ಬೇಕು, ಹಸಿರಿದ್ರೂ ಪೊಲೀಸ್ ನಿಲ್ಲು ಅಂದ್ರೆ ನಿಲ್ಬೇಕು. ಈ ಎರಡನೇದು ಮೊದಲನೇದಕ್ಕಿಂತ ಹತ್ತು ಪಾಲು ಮುಖ್ಯ, ಯಾಕೆ ಅಂತ ಹೇಳ್ತೇನೆ, ಆದ್ರೆ ಇದನ್ನ ನಿನ್ನ ದೊಡ್ಡಮ್ಮನಿಗೆ ಹೇಳ್ಬೇಡ.

1996ನೇ ಇಸವಿ, ನಿನ್ನ ಅಪ್ಪನ ಮದುವೆ ವರ್ಷ. ನಾನಾಗ ಲಾರಿ ಓಡಿಸ್ತಾ ಇದ್ದೆ ಗೊತ್ತಲ್ಲ, ಸಿದ್ದಾಪುರ ಕಡೆಯಿಂದ ಚೆರಿ ಕಾಫಿ ಮೂಟೆ ತುಂಬಿಸ್ಕೊಂಡು ಹೋಗುವ ಕೆಲಸ. ಐವತ್ತು ಕೇಜಿ ಮೂಟೆ ನೂರೆಂಬತ್ತು, ಅಂದ್ರೆ ಒಂಬತ್ತು ಟನ್ನು ಬೆನ್ನ ಮೇಲೆ. ಒಂದು ಪೇಟೆಯ ಸರ್ಕಲ್ಲಿಗೆ ಬಂದೆ, ಲೈಟು ಹಸಿರಾಯ್ತು. ನಡುವಲ್ಲಿ ಪೊಲೀಸ್ ಒಬ್ಬ ನನಗೆ ಬೆನ್ನು ಹಾಕಿ ನಿಂತಿದ್ದ, ಎಡಗೈ ಮಾತ್ರ ಭುಜದ ನೇರಕ್ಕೆ ಪಕ್ಕಕ್ಕೆ ಚಾಚಿದ್ದ. ನಾನು ಎಂತ ತಿಳ್ಕೊಂಡೆ ಅಂದ್ರೆ ಅವನು ಆ ಕಡೆಯವರಿಗೆ ಯಾರಿಗೋ ಏನೋ ತೋರಿಸ್ತಾ ಇದ್ದಾನೆ, ನನಗೆ ಬೆನ್ನಲ್ವಾ, ನನ್ನ ಲೈಟು ಹಸಿರಲ್ವಾ ಅಂತ. ಸೆಕೆಂಡ್ ಗೇರಿಗೆ ಹಾಕಿ ಎಳೆದೆ. ಬಲಗಡೆಯಿಂದ ಒಬ್ಬ ಮುದುಕ ತಳ್ಳುಗಾಡಿಯಲ್ಲಿ ಬಾಳೆಗೊನೆ ಹೇರ್ಕೊಂಡು ಬರ್ತಾ ಇದ್ದ, ಗಾಡಿ ಚಕ್ರ ಒಂದು ಗುಂಡಿಯಲ್ಲಿ ಸಿಕ್ಕಿ ನಡುರಸ್ತೆಯಲ್ಲಿ ನಿಂತುಬಿಟ್ಟಿತ್ತು, ಅವನಿಗಾಗಿಯೇ ಪೊಲೀಸ್ ನಮ್ಮನ್ನೆಲ್ಲ ತಡೆದು ನಿಲ್ಲಿಸಿದ್ದು. ನಾನು ಬ್ರೇಕ್ ಹೊಡೆದೆ ನೋಡು, ಒಂಬತ್ತು ಟನ್ನು ಹಿಂದಿನಿಂದ ತಳ್ತದೆ ಮಾರಾಯ್ತಿ, ಲಾರಿ ನಿಲ್ಲು ಅಂದ್ರೆ ನಿಲ್ಲುವ ಜಾತಿ ಅಲ್ಲ, ಟೈರು ಕಿರುಚಿದ್ದು ಈಗಲೂ ಕಿವಿಯಲ್ಲಿ ಉಂಟು, ಬಂಪರು ಆ ಗಾಡಿಯ ಹಲಗೆಗೆ ಟಕ್ ಅಂತ ಮುಟ್ಟಿ ನಿಂತಿತು. ಮೇಲಿನ ಒಂದು ಗೊನೆ ಉರುಳಿ ಕೆಳಗೆ ಬಿತ್ತು. ಮುದುಕ ಬೈಲಿಲ್ಲ, ಕೂಗಲಿಲ್ಲ, ಲಾರಿ ಮುಂದೆ ಹಾಗೇ ಕುಕ್ಕರುಗಾಲಲ್ಲಿ ಕೂತು ಉದುರಿದ ಹಣ್ಣನ್ನ ಒಂದೊಂದೇ ಆರಿಸಿ ಟವಲಿಗೆ ಹಾಕ್ಕೊಳ್ತಾ ಇದ್ದ, ಅವನ ತಲೆ ನನ್ನ ಬಂಪರಿಗಿಂತ ಕೆಳಗಿತ್ತು, ಸೀಟಿಂದ ನೋಡಿದ್ರೆ ಅವನು ಕಾಣ್ತಾನೇ ಇರ್ಲಿಲ್ಲ.

ಪೊಲೀಸ್ ಬಂದು ನನ್ನನ್ನ ಕೆಳಗಿಳಿಸಿದ. ಹೊಡೆಯಲೂ ಇಲ್ಲ, ಕೇಸೂ ಹಾಕಲಿಲ್ಲ, "ನನ್ನ ಕೈ ಕಾಣಲಿಲ್ವಾ" ಅಂದ, "ಲೈಟು ಹಸಿರಿತ್ತು ಸಾರ್" ಅಂದೆ, ಅವನು ಲೈಟನ್ನೊಮ್ಮೆ ನೋಡಿ, ಮುದುಕನನ್ನೊಮ್ಮೆ ನೋಡಿ, "ಲೈಟಿಗೆ ಇವನು ಕಾಣ್ತಾನಾ" ಅಂತ ಕೇಳಿದ. ಆ ಗೊನೆಯ ಪೂರ್ತಿ ದುಡ್ಡು ನನ್ನಿಂದ ಕೊಡಿಸಿದ. ಆ ಬಾಳೆಹಣ್ಣು ಕ್ಯಾಬಿನಲ್ಲಿ ಇಟ್ಕೊಂಡು ಮನೆಗೆ ಬಂದೆ, ಇಷ್ಟು ಯಾಕೆ ತಂದ್ರಿ ಅಂತ ನಿನ್ನ ದೊಡ್ಡಮ್ಮ ಕೇಳಿದ್ದಕ್ಕೆ ಅಗ್ಗಕ್ಕೆ ಸಿಕ್ತು ಅಂದೆ. ಇವತ್ತಿಗೂ ಅವಳಿಗೆ ಅಷ್ಟೇ ಗೊತ್ತು.

ಅದಾದ ಮೇಲೆ ನಾನು ಕೈ ಸಿಗ್ನಲ್ ಸರಿಯಾಗಿ ಕಲಿತೆ, ನೀನೂ ಕಲಿ, ಲೈಸೆನ್ಸ್ ಪುಸ್ತಕದಲ್ಲಿ ಚಿತ್ರ ಇರ್ತದೆ ಆದ್ರೆ ಪರೀಕ್ಷೆ ಮುಗಿದ ಮೇಲೆ ಯಾರೂ ಅದನ್ನ ತಿರುಗಿ ನೋಡಲ್ಲ. ಪೊಲೀಸ್ ನಿನಗೆ ಮುಖ ಮಾಡಿ ಬಲಗೈ ಮೇಲೆತ್ತಿ ಅಂಗೈ ತೋರಿಸಿದ್ರೆ ಎದುರಿಂದ ಬರುವವರು, ಅಂದ್ರೆ ನೀನು, ನಿಲ್ಬೇಕು, ಇದು ಎಲ್ಲರಿಗೂ ಗೊತ್ತು. ಬೆನ್ನು ಹಾಕಿ ನಿಂತು ಎಡಗೈ ಪಕ್ಕಕ್ಕೆ ಚಾಚಿದ್ರೆ ಅವನ ಹಿಂದಿನಿಂದ ಬರುವವರು ನಿಲ್ಬೇಕು, ಅಂದ್ರೆ ಆಗಲೂ ನೀನೇ. ಬೆನ್ನು ಹಾಕಿದ್ದಾನೆ ಅಂದ ಮಾತ್ರಕ್ಕೆ ನಿನ್ನ ಲೆಕ್ಕ ಇಲ್ಲ ಅಂತ ಅಲ್ಲ. ಎರಡನ್ನೂ ಒಟ್ಟಿಗೆ ಮಾಡಿದ್ರೆ ಎದುರಿನವರೂ ಹಿಂದಿನವರೂ ಇಬ್ಬರೂ ನಿಲ್ಬೇಕು. ರಾತ್ರಿ ಕೈಯಲ್ಲಿ ಕೆಂಪು ದೀಪದ ಕೋಲು ಇರ್ತದೆ, ಲೆಕ್ಕ ಅದೇ. ಅರ್ಥ ಆಗದಿದ್ರೆ? ಸ್ಲೋ ಮಾಡಿ ಅವನ ಕಣ್ಣು ನೋಡು. ಮುಖ ನೋಡಿದ ಮೇಲೆ ನೂರಕ್ಕೆ ತೊಂಬತ್ತು ಸಲ ಗೊತ್ತಾಗ್ತದೆ.

ಲೈಟಿಗಿಂತ ಪೊಲೀಸ್ ಮೇಲು ಅನ್ನೋದು ನನ್ನ ಲಾರಿ ವೇದಾಂತ ಅಲ್ಲ. 1988ರ ಮೋಟಾರು ವಾಹನ ಕಾಯ್ದೆಯ 119ನೇ ಸೆಕ್ಷನ್ನಲ್ಲಿ ಡ್ರೈವರಾದವ ಕಡ್ಡಾಯ ಬೋರ್ಡನ್ನೂ, ಕರೆಂಟ್ ಸಿಗ್ನಲನ್ನೂ, ಟ್ರಾಫಿಕ್ ನೋಡ್ಕೊಳ್ಳುವ ಪೊಲೀಸ್ ಹೇಳಿದ್ದನ್ನೂ ಕೇಳ್ಬೇಕು ಅಂತ ಉಂಟು. ಎರಡಕ್ಕೆ ಜಗಳ ಬಂದಾಗ ಯಾರದ್ದು ಮೇಲು ಅಂತ 1968ರಲ್ಲಿ ವಿಯೆನ್ನಾದಲ್ಲಿ ಬೇರೆ ಬೇರೆ ದೇಶದವರು ಕೂತು ರಸ್ತೆ ಸಂಚಾರಕ್ಕೆ ಅಂತಲೇ ಮಾಡ್ಕೊಂಡ ಒಪ್ಪಂದದಲ್ಲಿ ಸ್ಪಷ್ಟ ಬರೆದಿದ್ದಾರೆ, ಡ್ಯೂಟಿಯಲ್ಲಿರುವ ಅಧಿಕಾರಿಯ ಮಾತು ಲೈಟು, ಬೋರ್ಡು, ಗೆರೆ ಎಲ್ಲಕ್ಕಿಂತ ಮೇಲೆ, ಲೈಟು ದಾರಿ ಬಿಡುವ ಬೋರ್ಡಿಗಿಂತ ಮೇಲೆ ಅಂತ.

ಇನ್ನೊಂದು ತಮಾಷೆ ಕೇಳು. ಲೋಕದ ಮೊದಲನೇ ಸಿಗ್ನಲ್ಲು ಬಂದದ್ದು 1868ರಲ್ಲಿ ಲಂಡನ್ ಪಾರ್ಲಿಮೆಂಟ್ ಮುಂದೆ, ಆಗ ಕಾರೇ ಇರ್ಲಿಲ್ಲ, ಎಲ್ಲ ಕುದುರೆಗಾಡಿ. ಕಂಬಕ್ಕೆ ರೈಲ್ವೆ ಕೈಕಂಬದ ಹಾಗೆ ತೋಳು ಕಟ್ಟಿದ್ರು, ಪೊಲೀಸಿನ ಕೈ ದೂರದಿಂದ ಕಾಣಲಿ ಅಂತ ಕಂಬಕ್ಕೇ ಕೈ ಕೊಟ್ಟ ಹಾಗೆ, ರಾತ್ರಿಗೆ ಕೆಂಪು ಹಸಿರು ಗ್ಯಾಸ್ ದೀಪ. ಅದನ್ನ ತಿರುಗಿಸೋಕೆ ಕೆಳಗೆ ಪೊಲೀಸೇ ನಿಂತಿರ್ಬೇಕಿತ್ತು. ಮಾರನೇ ತಿಂಗಳು, 1869ರ ಜನವರಿಯಲ್ಲಿ, ಗ್ಯಾಸ್ ಸೋರಿ ಸ್ಫೋಟ ಆಗಿ ಪಾಪ ಆ ಪೊಲೀಸಿಗೇ ಸುಟ್ಟಿತು. ಕರೆಂಟಿನ ಸಿಗ್ನಲ್ ಬಂದದ್ದು ಎಷ್ಟೋ ಕಾಲದ ಮೇಲೆ, 1914ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಲ್ಲಿ. ಎಂತ ಹೇಳಿದ್ದು ಅಂದ್ರೆ ಲೈಟು ಹುಟ್ಟಿದ್ದೇ ಪೊಲೀಸಿನ ಕೈಗೆ ಬದಲಾಗಿ. ಯಜಮಾನ ಖುದ್ದು ಬಂದು ನಿಂತ ಮೇಲೆ ಲೆಕ್ಕ ಬರೆಯುವ ರೈಟರನ ಮಾತು ನಡೀತದಾ? ನಮ್ಮ ಎಸ್ಟೇಟಲ್ಲಿ ನೋಡಿಲ್ವಾ ನೀನು.

ಕ್ಯಾಮರಾ ಹೆದರಿಕೆ ನನಗೆ ಅರ್ಥ ಆಗ್ತದೆ. ಕೆಂಪಿಗೆ ನುಗ್ಗೋದು ಈಗ ಸಣ್ಣ ವಿಷಯ ಅಲ್ಲ, 2019ರಲ್ಲಿ ಕಾಯ್ದೆ ತಿದ್ದಿದ ಮೇಲೆ 184ನೇ ಸೆಕ್ಷನ್ ಪ್ರಕಾರ ಅದು ಅಪಾಯಕಾರಿ ಡ್ರೈವಿಂಗ್ ಲೆಕ್ಕಕ್ಕೇ ಸೇರ್ತದೆ, ಸ್ಟಾಪ್ ಬೋರ್ಡಿಗೆ ನಿಲ್ಲದಿರೋದು, ಕೈಯಲ್ಲಿ ಮೊಬೈಲ್ ಹಿಡಿದು ಓಡಿಸೋದು ಕೂಡ ಅದರಲ್ಲೇ. ಆದ್ರೆ ಪೊಲೀಸೇ ಕಳಿಸಿದಾಗ ಹೋಗು, ಮನೆಗೆ ಬಂದು ದಿನ, ಟೈಮು, ಯಾವ ಸರ್ಕಲ್ಲು ಅಂತ ಫೋನಲ್ಲಿ ಬರೆದಿಟ್ಕೋ, ನಾಳೆ ನೋಟಿಸ್ ಬಂದ್ರೆ ಹೀಗೆ ಆಯ್ತು ಅಂತ ಹೇಳೋಕೆ ಕೈಯಲ್ಲಿ ಏನಾದ್ರೂ ಇರ್ತದೆ. ಹೋಗುವಾಗಲೂ ಕಣ್ಣು ಮುಚ್ಚಿ ಹೋಗೋದಲ್ಲ, ಅವನು ಕೈ ಬೀಸಿದ್ದು ಅಡ್ಡ ಬರುವ ಬೈಕಿನವನಿಗೆ ಕಂಡಿರ್ಬೇಕು ಅಂತ ಏನಿಲ್ಲ, ಅವನು ಅವನ ಹಸಿರು ನೋಡ್ಕೊಂಡು ಬರ್ತಾ ಇರ್ತಾನೆ. ಫಸ್ಟ್ ಗೇರಲ್ಲಿ, ಬಲಗಡೆ ಎಡಗಡೆ ನೋಡ್ಕೊಂಡು.

ಮತ್ತೆ, ಕೈ ಬೀಸಿದವರೆಲ್ಲ ಪೊಲೀಸಲ್ಲ. ಹೋಮ್‌ಗಾರ್ಡ್ ಡ್ರೆಸ್ಸಲ್ಲಿ ಟ್ರಾಫಿಕ್ ಡ್ಯೂಟಿ ಮಾಡ್ತಾ ಇದ್ರೆ ಅವರದ್ದು ಕೇಳು, ರಸ್ತೆ ಕೆಲಸದವರು ಬಾವುಟ ಹಿಡಿದಿದ್ರೆ ಅವರದ್ದೂ ಕೇಳು. 2018ರ ಆಗಸ್ಟಲ್ಲಿ ಗುಡ್ಡ ಕುಸಿದಾಗ ಸಂಪಾಜೆ ರಸ್ತೆ ಏನಾಗಿತ್ತು ನಿನಗೆ ನೆನಪುಂಟಲ್ಲ, ಆಮೇಲೆ ಒಂದೊಂದೇ ಕಡೆ ಬಿಡುವಾಗ ಈ ತುದಿಗೆ ಒಬ್ಬ ಹುಡುಗ ಆ ತುದಿಗೆ ಒಬ್ಬ ಹುಡುಗ, ಕೈಯಲ್ಲಿ ಕೆಂಪು ಹಸಿರು ಬಾವುಟ, ತಲೆ ಮೇಲೆ ಗೊಬ್ಬರದ ಪ್ಲಾಸ್ಟಿಕ್ ಚೀಲದ ಕೊಪ್ಪೆ. ಮಂಜಲ್ಲಿ ನನಗೆ ಹತ್ತು ಅಡಿ ಕಾಣಲ್ಲ, ತಿರುವಿನ ಆಚೆ ಟ್ಯಾಂಕರ್ ಬರ್ತಾ ಉಂಟೋ ಜೆಸಿಬಿ ನಿಂತಿದೆಯೋ ಅವನಿಗೆ ಮಾತ್ರ ಗೊತ್ತು. ಹದಿನೆಂಟು ವರ್ಷದ ಹುಡುಗ ಬಾವುಟ ತೋರಿಸಿದ್ರೆ ಮಿನಿಸ್ಟ್ರ ಕಾರೂ ನಿಲ್ಬೇಕು ಅಲ್ಲಿ. ಆದ್ರೆ ಲಾರಿ ಕ್ಲೀನರ್ ಇಳಿದು "ಬರ್ಲಿ ಬರ್ಲಿ" ಅಂದ್ರೆ ಅದು ಅವನ ಲಾರಿಗೆ, ಬಸ್ ಕಂಡಕ್ಟರ್ ಬಾಡಿ ತಟ್ಟಿ "ರೈಟ್" ಅಂದ್ರೆ ಅದು ಅವನ ಡ್ರೈವರಿಗೆ, ನಿನಗಲ್ಲ. ಎದುರಿನ ಕಾರಿನವ ಪಾಪ ಒಳ್ಳೆಯವ, ಲೈಟ್ ಮಿಣುಕಿಸಿ ನೀನು ಹೋಗು ಅಂತಾನೆ, ಅವನು ಬಿಟ್ಟದ್ದು ಅವನ ಪಾಲಿನ ದಾರಿ ಮಾತ್ರ, ಅವನ ಪಕ್ಕದಿಂದ ನುಗ್ಗಿ ಬರುವ ಸ್ಕೂಟರಿನವ ಅವನನ್ನ ಕೇಳ್ಕೊಂಡು ಬಂದಿರಲ್ಲ. ಅದೂ ಅಲ್ದೆ ಲೈಟ್ ಮಿಣುಕಿಸಿದ್ರೆ ನಮ್ಮಲ್ಲಿ ಅರ್ಧ ಜನಕ್ಕೆ "ನೀನು ಹೋಗು", ಇನ್ನರ್ಧ ಜನಕ್ಕೆ "ನಾನು ಬಂದೆ, ದಾರಿ ಬಿಡು".

ಹಿಂದಿನವರ ಹಾರ್ನ್ ಅಂತೂ ಯಾವ ಲೆಕ್ಕಕ್ಕೂ ಇಲ್ಲ ಪುಟ್ಟಿ. ಇದನ್ನ ಬರೆದಿಟ್ಕೋ. ಪೊಲೀಸ್ ಒಂದು, ಲೈಟು ಎರಡು, ಬೋರ್ಡು ಮೂರು, ಹೀಗೆ ಎಣಿಸ್ತಾ ಹೋದ್ರೆ ಹಿಂದಿನ ಹಾರ್ನಿಗೆ ನಂಬರೇ ಸಿಗಲ್ಲ. ಆದ್ರೂ ನಮ್ಮ ಜನ ಅತೀ ಹೆಚ್ಚು ಕೇಳೋದು ಅದರ ಮಾತೇ. ಟೈಮರಲ್ಲಿ ಮೂರು ಸೆಕೆಂಡ್ ಇರುವಾಗಲೇ ಹಿಂದಿನವ ಪೀಂ ಅಂತಾನೆ, ಮುಂದಿನವ ಗಾಬರಿಯಲ್ಲಿ ಬಿಡ್ತಾನೆ, ಆ ಕಡೆಯಿಂದ ಹಳದಿಯಲ್ಲಿ ತೂರಿಕೊಂಡ ಬಸ್ಸು ಬಂದೇ ಬರ್ತದೆ. ಹಸಿರಾದ ಮೇಲೂ ಒಂದು ಉಸಿರು ತಗೊಂಡು, ಬಲಗಡೆ ನೋಡಿ, ಆಮೇಲೆ ಕ್ಲಚ್ ಬಿಡು. ಗೂಗಲ್ ಮ್ಯಾಪಿನ ಅಮ್ಮನೂ ಹಾಗೇ, ರೈಟ್ ತಗೊಳ್ಳಿ ಅಂತಾಳೆ, ಅಲ್ಲಿ ರೈಟ್ ಟರ್ನ್ ಇಲ್ಲ ಅಂತ ಬೋರ್ಡ್ ಇದ್ರೆ ಬೋರ್ಡಿನದ್ದೇ ಮಾತು. ಅವಳು ಮುಂದಿನ ಕ್ರಾಸಲ್ಲಿ ಬೇರೆ ದಾರಿ ಹೇಳ್ತಾಳೆ, ಅವಳಿಗೇನು ಬೇಜಾರಿಲ್ಲ.

ಲೈಟಿನ ವಿಷಯ ನಿನಗೆ ಗೊತ್ತಿರ್ತದೆ, ಆದ್ರೂ ನಾಲ್ಕಾರು ಕಡೆ ಜನ ಎಡವೋದು ಹೇಳ್ತೇನೆ. ಹಳದಿ ಅಂದ್ರೆ ಬೇಗ ಹೋಗು ಅಂತ ಅಲ್ಲ, ನಿಲ್ಲು ಅಂತ, ಬ್ರೇಕ್ ಹಾಕಿದ್ರೆ ಹಿಂದಿನವ ಬಂದು ಗುದ್ದುವಷ್ಟು ಹತ್ತಿರ ಬಂದುಬಿಟ್ಟಿದ್ರೆ ಮಾತ್ರ ದಾಟಿಬಿಡು. ಕೆಂಪು ಇದ್ದೂ ಹಸಿರು ಬಾಣ ಬಂದ್ರೆ ಬಾಣದ ದಿಕ್ಕಿಗೆ ಹೋಗೋರು ಮಾತ್ರ ಹೋಗೋದು. ಎಡಕ್ಕೆ ಯಾವಾಗ್ಲೂ ಫ್ರೀ ಅಂತ ಎಲ್ಲರೂ ಹೇಳ್ತಾರೆ, ಸುಳ್ಳು, ಫ್ರೀ ಲೆಫ್ಟ್ ಅಂತ ಬೋರ್ಡಿದ್ರೆ ಮಾತ್ರ ಫ್ರೀ, ಇದ್ರೂ ಅಡ್ಡ ದಾಟುವ ನಡೆದಾಡುವವರಿಗೆ ದಾರಿ ಬಿಟ್ಟೇ ಹೋಗ್ಬೇಕು. ಕೆಂಪು ಮಿಣುಕ್ತಾ ಇದ್ರೆ ಪೂರ್ತಿ ನಿಂತು, ನೋಡಿ, ಹೋಗ್ಬೇಕು, ಹಳದಿ ಮಿಣುಕ್ತಾ ಇದ್ರೆ ಸ್ಲೋ ಮಾಡಿ ಹುಷಾರಲ್ಲಿ ಹೋಗ್ಬೇಕು, ರಾತ್ರಿ ಹೊತ್ತು ಹೀಗೆ ಬಿಟ್ಟಿರ್ತಾರೆ. ಹಸಿರು ಬಂದ್ರೂ ಸರ್ಕಲ್ ಆಚೆ ವಾಹನ ಕಟ್ಟಿ ನಿಂತಿದ್ರೆ ಗೆರೆ ಹಿಂದೆಯೇ ಇರು, ಒಳಗೆ ಹೋಗಿ ನಡುವಲ್ಲಿ ಸಿಕ್ಕಿಬಿದ್ರೆ ನಾಲ್ಕೂ ದಿಕ್ಕಿಗೆ ನೀನೇ ಬಿರಡೆ. ಆಗ ಹಿಂದಿನವರು ಹಾರ್ನ್ ಹೊಡೆದ್ರೆ, ಮೇಲೆ ಹೇಳಿದೆನಲ್ಲ, ನಂಬರಿಲ್ಲ.

ಪರ್ಮನೆಂಟ್ ಬೋರ್ಡನ್ನ ಅವತ್ತಿನ ಬ್ಯಾರಿಕೇಡ್ ತಿನ್ನುತ್ತದೆ. ಮಡಿಕೇರಿ ದಸರಾದ ದಶಮಂಟಪದ ರಾತ್ರಿ ನೆನಪು ಮಾಡ್ಕೋ. ಜನರಲ್ ತಿಮ್ಮಯ್ಯ ಸರ್ಕಲ್ ಹತ್ರ ಒಂದು ವರ್ಷ ನಾನು ನಿನ್ನನ್ನ, ನಿನ್ನ ತಮ್ಮನನ್ನ ಕೂರಿಸ್ಕೊಂಡು "ದಿನಾ ಹೋಗುವ ದಾರಿ ಇದು, ಬೋರ್ಡೇ ಇಲ್ಲ, ಯಾಕೆ ಬಿಡಲ್ಲ" ಅಂತ ವಾದ ಮಾಡಿದ್ದೆ, ನೀನು ಹಿಂದೆ ಕೂತು ಚುರ್ಮುರಿ ತಿಂತಾ ಇದ್ದೆ. ಆ ರಾತ್ರಿ ಮಂಟಪ ಬರುವ ದಾರಿ ಯಾವುದು, ಜನ ಎಲ್ಲಿ ಕಟ್ಟಿದ್ದಾರೆ ಅಂತ ಬೋರ್ಡಿಗೆ ಗೊತ್ತಿಲ್ಲ, ಅಲ್ಲಿ ನಿಂತವನಿಗೆ ಗೊತ್ತು. ಅವನು ಒನ್‌ವೇಯಲ್ಲಿ ಉಲ್ಟಾ ಹೋಗಿ ಅಂದ್ರೂ ಆ ರಾತ್ರಿ ಅದೇ ಸರಿ. ನಾನು ಬಾಳೆಗೊನೆ ಕಥೆ ಮರೆತು ಅವತ್ತು ಜಗಳ ಮಾಡಿದೆ, ವಯಸ್ಸಾದ ಮೇಲೂ ಬುದ್ಧಿ ಅಷ್ಟೇ.

ಇನ್ನು ಪೊಲೀಸೂ ಇಲ್ಲ, ಲೈಟೂ ಇಲ್ಲ, ಅಥವಾ ಲೈಟುಂಟು ನಮ್ಮೂರಿನ ಕರೆಂಟಿನ ಹಾಗೆ ಹೋಗಿಬಿಟ್ಟಿದೆ. ಆಗ ಬೋರ್ಡು ಹುಡುಕು. ಎಂಟು ಮೂಲೆಯ ಕೆಂಪು ಬೋರ್ಡಿದ್ರೆ ಚಕ್ರ ಪೂರ್ತಿ ನಿಲ್ಬೇಕು, ಖಾಲಿ ರಸ್ತೆ ಆದ್ರೂ. ತಲೆಕೆಳಗಾದ ತ್ರಿಕೋನ ಇದ್ರೆ ನಿಲ್ಲಲೇಬೇಕು ಅಂತಿಲ್ಲ, ಆದ್ರೆ ಆ ಕಡೆಯವರಿಗೆ ದಾರಿ ಬಿಡ್ಬೇಕು. ಇವೆರಡಕ್ಕೆ ಮಾತ್ರ ಯಾಕೆ ಬೇರೆ ಬೇರೆ ಆಕಾರ ಅಂದ್ರೆ ಕೆಸರು ಹಾರಿ ಅಕ್ಷರ ಕಾಣದಿದ್ರೂ ಆಕಾರದಲ್ಲೇ ಗೊತ್ತಾಗ್ಲಿ ಅಂತ. ನಮ್ಮ ಮಳೆಗಾಲಕ್ಕೆ ಹೇಳಿ ಮಾಡಿಸಿದ ಹಾಗೆ, ಅರ್ಧ ಬೋರ್ಡಿಗೆ ಪಾಚಿ, ಇನ್ನರ್ಧಕ್ಕೆ ಕಾಳುಮೆಣಸಿನ ಬಳ್ಳಿ.

ಬೋರ್ಡೂ ಇಲ್ವಾ, ಆಗ ಸಣ್ಣ ರಸ್ತೆಯಿಂದ ದೊಡ್ಡ ರಸ್ತೆಗೆ ಹೋಗುವವ ದೊಡ್ಡ ರಸ್ತೆಯವರಿಗೆ ಬಿಡ್ಬೇಕು. ನಮ್ಮ ತೋಟದ ಗೇಟಿಂದ ಹೈವೇಗೆ ಹತ್ತುವಾಗ ನಾನು ನಿನಗೆ ಕಿಟಕಿ ಇಳಿಸು, ರೇಡಿಯೋ ಆಫ್ ಮಾಡು ಅಂತ ಪ್ರತಿ ಸಲ ಹೇಳ್ತಾ ಇದ್ದೆನಲ್ಲ, ಅದು ಇದಕ್ಕೇ, ತಿರುವಿನ ಆಚೆಯ ಬಸ್ಸು ಕಣ್ಣಿಗಿಂತ ಮೊದಲು ಕಿವಿಗೆ ಸಿಗ್ತದೆ. ಎರಡೂ ಒಂದೇ ಥರದ ರಸ್ತೆ ಆದ್ರೆ ನಿನ್ನ ಬಲಗಡೆಯಿಂದ ಬರುವವರಿಗೆ ಮೊದಲು ದಾರಿ. ನೀನು ಬಲಕ್ಕೆ ತಿರುಗೋದಾದ್ರೆ ಎದುರಿಂದ ನೇರ ಬರುವವರು ಹೋದ ಮೇಲೆ ನೀನು. ಮೈಸೂರಂತೂ ಸರ್ಕಲ್ಲುಗಳ ಊರು, ಲೈಟಿಲ್ಲದ ದುಂಡು ಸರ್ಕಲ್ಲಿಗೆ ನುಗ್ಗುವ ಮೊದಲು ಒಳಗೆ ಸುತ್ತುತ್ತಾ ಇರುವವರಿಗೆ ದಾರಿ, 2017ರಲ್ಲಿ ಬಂದ ಡ್ರೈವಿಂಗ್ ರೆಗ್ಯುಲೇಷನ್ನಲ್ಲೂ ಹೀಗೇ ಉಂಟು. ಆದ್ರೆ ಹೊರಗಿನವರು ನುಗ್ತಾರೆ, ಒಳಗಿನವರು ನಿಲ್ತಾರೆ, ಆಮೇಲೆ ಯಾರೂ ಅಲ್ಲಾಡಲ್ಲ, ಅದು ನಮ್ಮ ದೇಶಾಚಾರ. ದಾರಿ ನಿನ್ನದೇ ಆದ್ರೂ ಎದುರಿನವ ಬಿಡ್ತಾನೆ ಅಂತ ಗ್ಯಾರಂಟಿ ಇಟ್ಕೊಳ್ಬೇಡ, ಅವನು ನಿಂತದ್ದು ಕಂಡ ಮೇಲೆ ಹೋಗು.

ಘಾಟಿಯ ವಿಷಯ ನಿನಗೆ ಹೇಳ್ಬೇಕಾಗಿಲ್ಲ, ಆದ್ರೂ ನಿನ್ನ ಆಫೀಸ್ ಫ್ರೆಂಡ್ಸ್ ತಲಕಾವೇರಿ ನೋಡೋಕೆ ಬರ್ತಾರಂತಲ್ಲ, ಅವರಿಗೆ ಹೇಳು. ಎರಡು ಗಾಡಿ ಒಟ್ಟಿಗೆ ಹಿಡಿಯದ ಏರಲ್ಲಿ ಹತ್ತುವ ಗಾಡಿಗೆ ಮೊದಲು ದಾರಿ, ಇಳಿಯುವವ ಬದಿಗೆ ನಿಲ್ಬೇಕು, ಇದೂ ಕಾನೂನೇ, ನಮ್ಮ ಊರಿನ ಮರ್ಯಾದೆ ಮಾತ್ರ ಅಲ್ಲ. ಹತ್ತುವವ ಒಮ್ಮೆ ನಿಂತ್ರೆ ಲೋಡ್ ಗಾಡಿ ಮತ್ತೆ ಎತ್ತೋದು ಎಷ್ಟು ಕಷ್ಟ ಅಂತ ಒಂಬತ್ತು ಟನ್ನು ಹೊತ್ತವನಿಗೆ ಗೊತ್ತು. ಶನಿವಾರ ಭಾನುವಾರ ಬರುವ ಟೂರಿಸ್ಟು ಕಾರಿನವರು ಇಳಿಜಾರಲ್ಲಿ ಬಂದು ಮೂಗಿಗೆ ಮೂಗು ತಾಗಿಸಿ ನಿಂತು ನಮ್ಮನ್ನೇ ರಿವರ್ಸ್ ಹೋಗಿ ಅಂತಾರೆ. ಹೋಗ್ತೇನೆ, ಎಂತ ಮಾಡೋದು, ಅವರಿಗೆ ರಿವರ್ಸ್ ಬರಲ್ಲ.

ಆಂಬುಲೆನ್ಸ್ ಒಂದು ಹೇಳಿ ಬಿಡ್ತೇನೆ. ಸೈರನ್ ಕೇಳಿದ್ರೆ ಎಡಕ್ಕೆ ಸರಿದು ದಾರಿ ಬಿಡ್ಬೇಕು, ಬಿಡದಿದ್ರೆ 194ಇ ಸೆಕ್ಷನ್ನಲ್ಲಿ ಹತ್ತು ಸಾವಿರ ದಂಡ ಉಂಟು. ಅದಕ್ಕೆ ಅಂತ ಕೆಂಪಲ್ಲಿ ನಿಂತವಳು ಗಾಬರಿಯಾಗಿ ಸೀದಾ ಸರ್ಕಲ್ ನಡುವಿಗೆ ಹಾರ್ಬೇಡ, ಆಚೆ ಕಡೆಯವರಿಗೆ ಅದು ಹಸಿರು. ಇದ್ದಲ್ಲೇ ಎಡಕ್ಕೆ ಒತ್ತು, ಸಂದು ಆಗ್ತದೆ. ಪೊಲೀಸ್ ಇದ್ರೆ ಅವನೇ ನಿನ್ನನ್ನ ಮುಂದೆ ಕರೀತಾನೆ, ಆಗ ಹೋಗು. ಯಾರಿಗೆ ಗೊತ್ತು, ಮೊನ್ನೆಯೂ ಅವನು ಕರೆದದ್ದು ನಿನ್ನ ಹಿಂದೆ ಎಲ್ಲೋ ಆಂಬುಲೆನ್ಸ್ ಸಿಕ್ಕಿಬಿದ್ದಿತ್ತು ಅಂತಲೇ ಇರ್ಬಹುದು, ನೀನು ಕಿಟಕಿ ಹಾಕಿ ಎಸಿ ಹಾಕಿ ಹಾಡು ಹಾಕಿ ಕೂತಿದ್ದೆ, ಅದನ್ನೂ ನೀನೇ ಹೇಳಿದ್ದು. ಬಾನೆಟ್ ತಟ್ಟಿದ್ದಕ್ಕೆ ಬೇಜಾರು ಮಾಡ್ಕೊಳ್ಬೇಡ. ಮಳೆಯಲ್ಲಿ, ಹೊಗೆಯಲ್ಲಿ, ಬೆಳಗಿಂದ ನಿಂತ ಕಾಲಲ್ಲಿ ಇರ್ತಾನೆ ಪಾಪ. ನಾಳೆ ಅದೇ ಸರ್ಕಲ್ಲಲ್ಲಿ ಸಿಕ್ಕಿದ್ರೆ ಕಿಟಕಿ ಇಳಿಸಿ ಒಂದು ನಗು ನಗು, ನೆನಪಿರ್ತದೆ ಅವನಿಗೆ, ಕೊಡಗಿನ ಕೆಎ 12 ನಂಬರಿನ ಕಾರು ಮರೆಯಲ್ಲ.

ಮದ್ದು ಸೊಪ್ಪಿನ ಪಾಯಸ ಮಾಡುವ ಆಟಿ ತಿಂಗಳ ಹದಿನೆಂಟಕ್ಕೆ, ಆಗಸ್ಟ್ 3ಕ್ಕೆ, ಬಂದೇ ಬರ್ತೇನೆ ಅಂದಿದ್ದಿ. ಮಧ್ಯಾಹ್ನದ ಒಳಗೆ ಹೊರಡು, ಪಿರಿಯಾಪಟ್ಟಣ ದಾಟಿದ ಮೇಲೆ ಮಳೆ ಶುರು ಆದ್ರೆ ವೈಪರ್ ಕೈ ಕೊಡ್ತದೆ ಅಂತ ನಿನ್ನ ಅಪ್ಪ ಹೇಳ್ತಾ ಇದ್ದ, ಮೈಸೂರಲ್ಲೇ ರಬ್ಬರ್ ಬದಲಾಯಿಸ್ಕೋ, ಇಲ್ಲಿ ಎರಡು ಪಟ್ಟು ಹೇಳ್ತಾರೆ. ಕುಶಾಲನಗರದ ಹೊಳೆ ಸೇತುವೆ ದಾಟಿ ಬದಿಗೆ ನಿಲ್ಲಿಸಿ ಒಂದು ಫೋನ್ ಹಾಕು, ಓಡಿಸ್ತಾ ಮಾತಾಡ್ಬೇಡ. ಮದ್ದು ಸೊಪ್ಪು ಹಿತ್ತಲಲ್ಲಿ ಸೊಂಟದೆತ್ತರ ಬೆಳೆದಿದೆ, ಪಾಯಸಕ್ಕೆ ಬೆಲ್ಲ ತಂದಿಟ್ಟಾಗಿದೆ, ಈ ಸಲ ನಿನ್ನ ಬಿಳಿ ಚೂಡಿದಾರಕ್ಕೆ ಆ ಸೊಪ್ಪಿನ ನೇರಳೆ ಬಣ್ಣ ಹತ್ತಿಸ್ಕೊಂಡು ಕೂಗ್ಬೇಡ. ಬರುವಾಗ ದೊಡ್ಡಮ್ಮನಿಗೆ ಏನಾದ್ರೂ ತರ್ಬೇಕು ಅನಿಸಿದ್ರೆ ಬಾಳೆಹಣ್ಣು ಬಿಟ್ಟು ಬೇರೆ ಏನಾದ್ರೂ ತಾ.

ಫೋನ್ ಎಂಬತ್ತು ಪರ್ಸೆಂಟ್ ಆಯ್ತು, ಜಗಲಿಯಿಂದ ಮತ್ತೆ ಬೈಗುಳ ಕೇಳ್ತಾ ಉಂಟು. ಗಾಡಿ ಆಫ್ ಮಾಡ್ತೇನೆ.

ನಿನ್ನ ದೊಡ್ಡಪ್ಪ